ಬಳೆಯ ಹಿಂದೆ ಹೋದ ಕಣ್ಣು

ಇದನ್ನು ಹೇಳಿಬಿಡಬೇಕೆಂದು ಕುಳಿತಾಗಲೆಲ್ಲ ನನಗೊಂದು ನೆವ ಸಿಕ್ಕಿದೆ. ಮೊದಲು ಮಗಳ ಹೆರಿಗೆ ಮುಗಿಯಲಿ ಎಂದೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನೋಡೋಣ ಎಂದೆ. ಪೊರೆ ತೆಗೆದರು, ಅಕ್ಷರಗಳು ಚೆನ್ನಾಗಿಯೇ ಕಾಣತೊಡಗಿದವು. ಆಗ, ಇದನ್ನು ಓದಿ ಯಾರಿಗೆ ಏನಾಗಬೇಕಿದೆ ಎಂದುಕೊಂಡೆ. ಈಗ ಅಬುಧಾಬಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಸಂಜೆ ಮೊಮ್ಮಗಳನ್ನು ಕರೆದುಕೊಂಡು ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಡೆಯುವಾಗ ಒಂದು ಹಲ್ಲಿನ ಕ್ಲಿನಿಕ್ಕಿನ ಮುಂದೆ ಹಾದುಹೋಗಬೇಕಾಗುತ್ತದೆ. ಅಲ್ಲಿ ನಾನು ರಸ್ತೆ ದಾಟಿ ಆಚೆ ಬದಿಯಿಂದ ನಡೆಯುತ್ತೇನೆ. "ವೈ ಆರ್ ವೀ ಕ್ರಾಸಿಂಗ್, ಅಜ್ಜ?" ಎಂದು ಮೊಮ್ಮಗಳು ಕೇಳುತ್ತಾಳೆ. ಆ ಬದಿಯಲ್ಲಿ ನೆರಳಿದೆ ಎನ್ನುತ್ತೇನೆ. ಸಂಜೆಯ ಹೊತ್ತಿನಲ್ಲಿ ಎರಡೂ ಬದಿಯಲ್ಲಿ ನೆರಳಿರುತ್ತದೆ.

ಆಗ ನಾನು ದುಬೈಯ ಅಲ್ ಮುರಕ್ಕಬಾತ್‌ನಲ್ಲಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡುವ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿದ್ದೆ. ಓದಿದ್ದು ಹೈಸ್ಕೂಲಿನವರೆಗೆ. ಸೇರಿದ್ದು ಡ್ರೈವರ್ ಆಗಿ. ಕನ್ನಡ, ತುಳು, ಹಿಂದಿ, ಮಲಯಾಳಂ ಬರುತ್ತಿದ್ದುದರಿಂದ ನಮ್ಮ ಡಾಕ್ಟರ್ ಮೇಡಂ ನನ್ನನ್ನು ಒಳಗೆ ಕರೆದುಕೊಂಡು ಪರೀಕ್ಷಾ ಕೋಣೆಯ ಸಹಾಯಕನನ್ನಾಗಿ ಮಾಡಿದರು. ಮೇಡಂ ಮೈಸೂರಿನ ಕಡೆಯವರು. ಆ ವರ್ಷ ಅವರೊಂದು ಅಧ್ಯಯನ ಕೈಗೆತ್ತಿಕೊಂಡಿದ್ದರು.

ವಿಷಯ ಇಷ್ಟು. ಸ್ಕಿಜೋಫ್ರೇನಿಯಾ ಬಂದವರ ಒಡಹುಟ್ಟಿದವರಿಗೆ ಆ ಕಾಯಿಲೆ ಬರುವ ಸಾಧ್ಯತೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು. ಆದರೂ ಹೆಚ್ಚಿನವರಿಗೆ ಬರುವುದೇ ಇಲ್ಲ. ರಕ್ತದಲ್ಲಿ ಹಂಚಿ ಬಂದ ಆ ಸಾಧ್ಯತೆ, ಕಾಯಿಲೆಯಾಗದೆ ಸುಮ್ಮನಿರುವಾಗಲೂ, ಕಣ್ಣಿನ ಚಲನೆಯಲ್ಲೋ ಕೈಯ ಚಲನೆಯಲ್ಲೋ ಸ್ವಭಾವದಲ್ಲೋ ತನ್ನ ಗುರುತು ತೋರಿಸುತ್ತದೆಯೇ? ಮೇಡಂ ನೋಡಲು ಹೊರಟಿದ್ದು ಅದನ್ನು. ರೋಗಿಗಳ ಅಣ್ಣತಮ್ಮ ಅಕ್ಕತಂಗಿಯರನ್ನು ಒಂದು ಗುಂಪಾಗಿ, ಮನೆಯಲ್ಲಿ ಯಾರಿಗೂ ಇಂಥ ಕಾಯಿಲೆ ಇಲ್ಲದವರನ್ನು ಇನ್ನೊಂದು ಗುಂಪಾಗಿ ಎರಡೆರಡು ಸಲ ಪರೀಕ್ಷಿಸಿ ಹೋಲಿಸಬೇಕಿತ್ತು.

ನನ್ನ ಪಾಲಿಗೆ ಬಂದದ್ದು ಕಣ್ಣಿನ ಪರೀಕ್ಷೆ. ಕೋಣೆಯ ದೀಪ ಆರಿಸಬೇಕು. ಬಂದವರು ಸ್ಟೂಲಿನ ಮೇಲೆ ಕುಳಿತು ಒಂದು ಚೌಕಟ್ಟಿನ ಮೇಲೆ ಗದ್ದ ಇಡಬೇಕು, ಹಣೆಯನ್ನು ಮೇಲಿನ ಪಟ್ಟಿಗೆ ಒತ್ತಬೇಕು. ಎದುರಿನ ಪರದೆಯಲ್ಲಿ ಒಂದು ಬಿಳಿ ಚುಕ್ಕೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಮೆಲ್ಲಗೆ ಓಡಾಡುತ್ತದೆ. ತಲೆ ಅಲುಗಿಸದೆ ಕಣ್ಣಿನಲ್ಲೇ ಅದನ್ನು ಹಿಂಬಾಲಿಸಬೇಕು. ಕೆಳಗಿರುವ ಪುಟ್ಟ ಕ್ಯಾಮೆರಾ ಕಣ್ಣುಪಾಪೆಯನ್ನು ಹಿಡಿದುಕೊಂಡು ನನ್ನ ಕಂಪ್ಯೂಟರಿನಲ್ಲಿ ಎರಡು ಗೆರೆ ಎಳೆಯುತ್ತದೆ. ಒಂದು ಚುಕ್ಕೆಯದು, ಒಂದು ಕಣ್ಣಿನದು. ಕಣ್ಣು ಚುಕ್ಕೆಯ ಜೊತೆಗೇ ಹೋದರೆ ಗೆರೆಗಳು ಒಂದರ ಮೇಲೊಂದು ಕೂರುತ್ತವೆ. ಹಿಂದೆ ಬಿದ್ದು ಆಮೇಲೆ ಜಿಗಿದು ಹಿಡಿದರೆ ಕಣ್ಣಿನ ಗೆರೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಆ ಕಾಯಿಲೆಯವರಲ್ಲಿ ಮೆಟ್ಟಿಲು ಹೆಚ್ಚು. ಅವರ ಒಡಹುಟ್ಟಿದವರಲ್ಲೂ ಸರಾಸರಿಯಲ್ಲಿ ಸ್ವಲ್ಪ ಹೆಚ್ಚಿರಬಹುದು ಎಂಬುದು ಮೇಡಂ ಲೆಕ್ಕಾಚಾರ.

ಹೇಳುವಷ್ಟು ಸುಲಭವಿರಲಿಲ್ಲ. ಕಾಡಿಗೆ ಹಚ್ಚಿಕೊಂಡು ಬಂದರೆ ಕ್ಯಾಮೆರಾ ಕಾಡಿಗೆಯನ್ನೇ ಪಾಪೆ ಎಂದುಕೊಂಡು ಗೆರೆಯನ್ನು ಎಲ್ಲೆಲ್ಲಿಗೋ ಎಳೆಯುತ್ತಿತ್ತು. ಎಸಿಯ ಗಾಳಿ ನೇರ ಮುಖಕ್ಕೆ ಹೊಡೆದರೆ ಕಣ್ಣು ಒಣಗಿ ಮಿಟುಕುತ್ತಿತ್ತು. ಡ್ಯೂಟಿ ಮುಗಿಸಿ ಸುಸ್ತಾಗಿ ಬಂದವರ ಗೆರೆಗಳಲ್ಲಿ ಮೆಟ್ಟಿಲೋ ಮೆಟ್ಟಿಲು. ಇದಲ್ಲದೆ ವಾಸನೆ ಗುರುತಿಸುವ ಪರೀಕ್ಷೆಯೊಂದಿತ್ತು. ಹೊರದೇಶದಿಂದ ತರಿಸಿದ ಕಾಗದದ ಪಟ್ಟಿಗಳಲ್ಲಿದ್ದ ಅರ್ಧ ವಾಸನೆಗಳನ್ನು ನಮ್ಮ ಜನ ಹುಟ್ಟಿದಾಗಿನಿಂದ ಮೂಸಿದವರಲ್ಲ. ಎಲ್ಲರೂ ತಪ್ಪು ಹೇಳಿದರು. ಮೇಡಂ ಅದನ್ನು ಬಿಟ್ಟು ಏಲಕ್ಕಿ, ಬೆಳ್ಳುಳ್ಳಿ, ಸೀಮೆಎಣ್ಣೆ ಎಂದು ಹೊಸದಾಗಿ ಮಾಡಿಸಿದರು. ಕೈಯ ಪರೀಕ್ಷೆಯಲ್ಲಿ ಮುಷ್ಟಿ, ಅಂಗೈಯ ಅಂಚು, ಅಂಗೈ, ಹೀಗೆ ಮೇಜಿನ ಮೇಲೆ ಸರಸರನೆ ಬಡಿಯಬೇಕು. ಕೊನೆಗೆ ಮೇಡಂ ತಾವೇ ಕುಳಿತು ಸ್ವಭಾವದ ಪ್ರಶ್ನೆಗಳನ್ನು ಕೇಳುತ್ತಿದ್ದರು. ನಾನು ಪಕ್ಕದಲ್ಲಿ ಉತ್ತರ ಟೈಪ್ ಮಾಡುತ್ತಿದ್ದೆ.

ಮೊದಲ ದಿನವೇ ಮೇಡಂ ನನಗೆ ಹೇಳಿದ್ದರು. "ಯಜಮಾನ್ರೆ, ಪಂಜಾಬಿನವರು ನಮಗಿಂತ ಎತ್ತರ ಅಂತೀವಿ. ಹಾಗಂತ ದೇರಾದ ಪೇಟೇಲಿ ಎದುರಿಗೆ ಬಂದ ಎತ್ತರದ ಆಳೆಲ್ಲ ಪಂಜಾಬಿನೋನು ಅನ್ನಕ್ಕಾಗುತ್ತಾ?"

"ಇಲ್ಲ ಮೇಡಂ."

"ಇದೂ ಅಷ್ಟೇ. ಗುಂಪಿಗೆ ಗುಂಪು ಹೋಲಿಸೋಕೆ ಮಾತ್ರ. ಒಬ್ಬರ ಗೆರೆ ನೋಡಿ ಅವರ ಬಗ್ಗೆ ಒಂದು ಮಾತೂ ಆಡಂಗಿಲ್ಲ. ಇಲ್ಲಿಗೆ ಯಾರು ಬಂದಿದ್ರು ಅಂತಾನೂ ಹೊರಗೆ ಹೋಗಬಾರದು."

ನನಗೆ ಅರ್ಥವಾಗಿತ್ತು. ಅರ್ಥವಾಗಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲು ಈಗ ಬರುವುದಿಲ್ಲ.

ಆ ಅಕ್ಕ ಮತ್ತು ತಮ್ಮ ಅಬುಧಾಬಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅಕ್ಕ ಎಂದೇ ಬರೆಯುತ್ತೇನೆ. ತಮ್ಮ ಹಾಗೆ ಕರೆಯುವುದನ್ನು ಕೇಳಿ ಕೇಳಿ ನನಗೂ ಅದೇ ರೂಢಿಯಾಗಿತ್ತು. ಅವಳು ಟೂರಿಸ್ಟ್ ಕ್ಲಬ್ ಏರಿಯಾದ ಆ ಹಲ್ಲಿನ ಕ್ಲಿನಿಕ್ಕಿನಲ್ಲಿ ಸಹಾಯಕಿ. ತಮ್ಮ ಒಂದು ಸೂಪರ್ ಮಾರ್ಕೆಟ್ಟಿನ ಬೇಕರಿಯಲ್ಲಿದ್ದ. ಒಲೆಯ ಫ್ಯಾನಿನೊಳಗಿಂದ ಯಾರೋ ತನ್ನನ್ನು ಬೈಯುತ್ತಾರೆ ಎಂದು ಕೆಲಸ ಬಿಟ್ಟು ಕುಳಿತವನು, ಮೇಡಂ ಕೊಟ್ಟ ಮಾತ್ರೆ ಹಿಡಿದ ಮೇಲೆ ಮತ್ತೆ ಕೆಲಸಕ್ಕೆ ಹೋಗುತ್ತಿದ್ದ. "ಈಗ ಫ್ಯಾನ್ ಬೈಯುವುದಿಲ್ಲ ಅಂಕಲ್, ಮ್ಯಾನೇಜರ್ ಮಾತ್ರ ಬೈಯುವುದು" ಎಂದು ನನ್ನೊಡನೆ ನಗುತ್ತಿದ್ದ. ಅಬುಧಾಬಿಯಲ್ಲಿ ತೋರಿಸಿದರೆ ಊರ ಕಡೆಯವರ ಕಣ್ಣಿಗೆ ಬೀಳುತ್ತೇವೆಂದು ಅವರು ದುಬೈಗೆ ಬರುತ್ತಿದ್ದರು. ದುಬೈಯಲ್ಲಿ ನಾನಿದ್ದೆ.

ಅಧ್ಯಯನಕ್ಕೆ ಅವಳನ್ನು ಒಪ್ಪಿಸಿದ್ದು ನಾನೇ. ಒಡಹುಟ್ಟಿದವರನ್ನು ಒಪ್ಪಿಸುವುದೂ ನನ್ನ ಕೆಲಸವಾಗಿತ್ತು.

"ಇದ್ರಲ್ಲಿ ನನಗೆ ಮುಂದೆ ಎಂತ ಆಗ್ತದೆ ಅಂತ ಗೊತ್ತಾಗ್ತದಾ ಅಂಕಲ್?" ಎಂದು ಕೇಳಿದಳು.

"ಇಲ್ಲ ಮಗಳೇ. ಗುಂಪಿನ ಲೆಕ್ಕ ಅಷ್ಟೆ."

"ಹೊರಗೆ ಹೋಗುವುದಿಲ್ಲ ಅಲ್ವಾ? ನನಗೊಂದು ಸಂಬಂಧ ನೋಡ್ತಾ ಇದ್ದಾರೆ. ತಮ್ಮನ ವಿಷಯ ನಾನೇ ಹೇಳ್ಬೇಕು ಅವರಿಗೆ, ಎದುರು ಕೂತು. ಮುಚ್ಚಿಡುವ ಯೋಚನೆ ಇಲ್ಲ. ಆದ್ರೆ ಬೇರೆಯವರ ಬಾಯಲ್ಲಿ ಹೋದ್ರೆ ಅದು ಬೇರೆಯೇ ಆಗ್ತದೆ."

"ಈ ಗೋಡೆಗೂ ಗೊತ್ತಾಗುವುದಿಲ್ಲ. ನಾನೂ ನಿಮ್ಮ ಕಡೆಯವನೇ ಮಾರಾಯ್ತಿ."

ಅವಳು ಪರೀಕ್ಷೆಗೆ ಕುಳಿತ ದಿನ ಡ್ಯೂಟಿ ಮುಗಿಸಿ, ಬಸ್ಸಿನಲ್ಲಿ ಜಾಗ ಸಿಗದೆ ಬಹುದೂರ ನಿಂತುಕೊಂಡೇ ಬಂದಿದ್ದಳು. ಕಾಡಿಗೆಯನ್ನು ಹತ್ತಿಯಿಂದ ಒರೆಸಿಸಿದೆ, ಪೂರ್ತಿ ಹೋಗಲಿಲ್ಲ. ಗೆರೆಯಲ್ಲಿ ಮೆಟ್ಟಿಲುಗಳು ಬಂದವು. ಮೇಡಂ ನೋಡಿ, "ಇದು ಸರಿಯಾಗಿ ಹಿಡಿದಿಲ್ಲ. ಎರಡನೇ ಸಲ ಬಂದಾಗ ಮತ್ತೆ ತೆಗೀಬೇಕು" ಎಂದರು. ಮತ್ತೆ ತೆಗೆಯಬೇಕು ಎಂಬ ಗುರುತನ್ನು ಹಾಕಿದ್ದೂ ನನ್ನ ಕೈಯೇ.

ದುಬೈಯ ಕರಾಮದಲ್ಲಿ ನನಗೊಬ್ಬ ಗೆಳೆಯನಿದ್ದ. ರಜೆಯ ದಿನ ಅವನ ಫ್ಲಾಟಿಗೆ ಹೋಗಿ ತಿಂಡಿ ತಿಂದು ಮಾತಾಡಿ ಬರುವುದು ವಾಡಿಕೆ. ಅವನ ಮಗ ಜೆಬೆಲ್ ಅಲಿಯಲ್ಲಿ ಕೆಲಸಕ್ಕಿದ್ದ. ಅವನಿಗೆ ಹೆಣ್ಣು ನೋಡುತ್ತಿದ್ದರು. ನಮ್ಮ ಕಡೆಯವರು ಇಲ್ಲಿ ಎಷ್ಟೇ ವರ್ಷ ಇದ್ದರೂ, ಸಂಬಂಧದ ಮಾತು ಬಂದರೆ ಮೊದಲು ಮನೆತನ ವಿಚಾರಿಸುತ್ತಾರೆ. ಊರಲ್ಲಿ ನೆರೆಮನೆಯವರನ್ನು ಕೇಳಿದ ಹಾಗೆ ಇಲ್ಲಿ ಡ್ರೈವರನ್ನು, ನರ್ಸನ್ನು, ಅಂಗಡಿಯವನನ್ನು ಕೇಳುತ್ತಾರೆ. ಹಾಗೆ ಕೇಳಿಸಿಕೊಳ್ಳುವುದು ಒಂದು ದೊಡ್ಡಸ್ತಿಕೆ. ನನ್ನನ್ನು ಯಾರೂ ಕೇಳಿದ್ದಿಲ್ಲ.

ಆ ದಿನ ಗೆಳೆಯನ ಹೆಂಡತಿ ಗೋಳಿಬಜೆಯ ತಟ್ಟೆ ಇಟ್ಟು, ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. "ಅಣ್ಣ, ಹುಡುಗಿ ಅಬುಧಾಬಿಯವಳು. ನಮ್ಮವನಿಗೆ ಫೋಟೋದಲ್ಲೇ ಹಿಡಿಸಿದೆ. ಹೇಗೆ ಕಾಣ್ತಾಳೆ?"

ಅಕ್ಕನ ಫೋಟೋ. ನಾನು ಗೋಳಿಬಜೆ ಬಾಯಿಗೆ ಹಾಕಿಕೊಂಡೆ.

"ಎಂತ, ಬಾಯಿ ಮುಚ್ಚಿಕೊಂಡ್ರಿ? ಗುರುತು ಉಂಟಾ?"

"ನಾನು ಹೇಳುವ ಹಾಗಿಲ್ಲ."

"ಹೇಳುವ ಹಾಗಿಲ್ಲ ಅಂದ್ರೆ ಏನೋ ಉಂಟು ಅಂತಲೇ ಆಯ್ತಲ್ಲ."

ಗೆಳೆಯ ನಕ್ಕ. "ಬಿಡೇ. ಅವನಿಗೆ ಎಂತ ಗೊತ್ತಿರ್ತದೆ? ಅವನು ಅಲ್ಲಿ ಲೈಟ್ ಆಫ್ ಮಾಡುವವನು."

"ಹೌದಲ್ವಾ, ಪಾಪ" ಎಂದಳು ಅವಳು. "ಲೈಟ್ ಆನ್ ಮಾಡುವುದಕ್ಕೆ ಬೇರೆ ಜನ ಉಂಟಾ ಅಣ್ಣ?"

ಇಬ್ಬರೂ ನಕ್ಕರು. ನನಗೆ ಸಿಟ್ಟು ಬಂತು. ಆ ಸಿಟ್ಟಿನ ಅಳತೆ ಅಷ್ಟೇ. ಅದಕ್ಕಿಂತ ದೊಡ್ಡ ಕಾರಣವೊಂದಿದ್ದರೆ ಬರೆಯಲು ಸುಲಭವಾಗುತ್ತಿತ್ತು.

ನಾನು ಎಲ್ಲ ಹೇಳಿದೆ. ತಮ್ಮನಿಗೆ ತಲೆ ಸರಿಯಿಲ್ಲ ಎಂದೆ. ಅವನು ನಗುತ್ತಾ ಕೆಲಸಕ್ಕೆ ಹೋಗುತ್ತಾನೆ ಎಂಬುದನ್ನು ಹೇಳಲಿಲ್ಲ. ಅದು ರಕ್ತದಲ್ಲಿ ಬರುತ್ತದೆ, ಅಕ್ಕನಲ್ಲೂ ಇದೆ, ಕಣ್ಣಿನಲ್ಲಿ ಗೊತ್ತಾಗುತ್ತದೆ ಎಂದೆ. ಗೆರೆ ಸರಿಯಾಗಿ ಹಿಡಿದಿರಲಿಲ್ಲ ಎಂಬುದನ್ನು ಹೇಳಲಿಲ್ಲ. ಗೆಳೆಯನ ಹೆಂಡತಿಯ ಕೈಯಿಂದಲೇ ಒಂದು ಬಳೆ ಬಿಚ್ಚಿಸಿಕೊಂಡು, ಅವಳ ಮುಖದ ಮುಂದೆ ಎಡಕ್ಕೂ ಬಲಕ್ಕೂ ಆಡಿಸಿ ತೋರಿಸಿದೆ. "ನಿಮ್ಮ ಕಣ್ಣು ಸರಿ ಉಂಟು. ಅವಳದ್ದು ಜಿಗಿಯುತ್ತದೆ. ವಾಸನೆ ಕೂಡ ತಿಳಿಯುವುದಿಲ್ಲ ಇಂಥವರಿಗೆ. ಕೈ ಹೀಗೆ ಬಡಿಯಲು ಬರುವುದಿಲ್ಲ." ಮುಷ್ಟಿ, ಅಂಚು, ಅಂಗೈ. ಗೆಳೆಯನೂ ಹೆಂಡತಿಯೂ ಊಟದ ಮೇಜಿನ ಮೇಲೆ ಬಡಿದು ಕಲಿತರು. ನನ್ನ ತಟ್ಟೆಗೆ ಇನ್ನಷ್ಟು ಗೋಳಿಬಜೆ ಬಿತ್ತು.

"ಮಗನಿಗೆ ಬಾಯಲ್ಲಿ ಹೇಳಿದ್ರೆ ನಂಬುವುದಿಲ್ಲ ಅಣ್ಣ. ಕಣ್ಣಾರೆ ತೋರಿಸ್ಬೇಕು" ಎಂದಳು ಅವಳು. ಭೇಟಿ ಆಗಲೇ ಗೊತ್ತಾಗಿತ್ತು, ಬರುವ ವಾರ, ಕರಾಮದ ಒಂದು ಹೋಟೆಲಿನಲ್ಲಿ. "ನೀವೂ ಬನ್ನಿ. ಪಕ್ಕದ ಟೇಬಲ್ಲಲ್ಲಿ ಬೆನ್ನು ಹಾಕಿ ಕೂತ್ಕೊಳ್ಳಿ. ನಾನು ತಪ್ಪು ಮಾಡಿದ್ರೆ ಆಮೇಲೆ ಹೇಳಿ."

ಹೋದೆ. ಬೆನ್ನು ಹಾಕಿ ಕುಳಿತೆ. ಮಸಾಲೆ ದೋಸೆ ಹೇಳಿದೆ.

ಅಕ್ಕ ತಮ್ಮನನ್ನು ಬಿಟ್ಟು ಒಬ್ಬಳೇ ಬಂದಿದ್ದಳು. ಎದುರಿಗೆ ತಾಯಿ, ಮಗ. ನಮಸ್ಕಾರ, ಬಿಸಿಲು, ಬಸ್ಸು ಎಂದು ಮಾತು ಶುರುವಾಯಿತು. ಕೈ ತೊಳೆಯಲು ಎದ್ದು ನನ್ನ ಪಕ್ಕದಿಂದಲೇ ಹೋದಳು, ಪಕ್ಕದಿಂದಲೇ ಮರಳಿದಳು. ನಾನು ಮೊಬೈಲು ನೋಡುವವನ ಹಾಗೆ ತಲೆ ತಗ್ಗಿಸಿದೆ. ನೋಡಲಿಲ್ಲ ಎಂದುಕೊಂಡೆ.

"ಅತ್ತೆ, ಒಂದು ವಿಷಯ ನಾನು ಮೊದಲೇ ಹೇಳ್ಬೇಕು" ಎಂದು ಅವಳು ಆರಂಭಿಸಿದ್ದು ಕೇಳಿಸಿತು. "ನನ್ನ ತಮ್ಮನದ್ದು..."

"ಹೇಳುವೆಯಂತೆ, ಎಂತ ಅರ್ಜೆಂಟ್? ಮೊದಲು ಈ ಬಳೆ ನೋಡು. ಮೀನಾ ಬಜಾರಿನದ್ದು, ಹೊಸ ಡಿಸೈನ್. ಇಲ್ಲಿ ನೋಡು. ಹೀಗೆ. ತಲೆ ಆಡಿಸ್ಬೇಡ, ಕಣ್ಣಲ್ಲೇ ನೋಡು."

ಆಮೇಲೆ ತಾಯಿ ಮಗನಿಗೆ ತುಳುವಿನಲ್ಲಿ "ತೂಯನಾ?" ಎಂದಳು. ನೋಡಿದೆಯಾ, ಎಂದು. ಅಕ್ಕನಿಗೂ ತುಳು ಬರುತ್ತಿತ್ತು. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಕ್ಯಾಮೆರಾ ಇದ್ದೇ ನಾವು ಒದ್ದಾಡುತ್ತಿದ್ದೆವು. ಕಾಣಬೇಕೆಂದು ಹೊರಟ ತಾಯಿಗೆ ಕಂಡಿತು.

"ಇದು ಎಂತ ವಾಸನೆ, ಹೇಳು ನೋಡುವ." ಅತ್ತರಿನ ಸಣ್ಣ ಬಾಟಲಿಯ ಮುಚ್ಚಳ ತೆಗೆದ ಸದ್ದು.

"ಊದ್."

"ಊದ್ ಅಂತ ಎಲ್ಲರೂ ಹೇಳ್ತಾರೆ. ಅದರ ಒಟ್ಟಿಗೆ ಎಂತ ಉಂಟು?"

"ಗೊತ್ತಿಲ್ಲ ಅತ್ತೆ."

"ಗೊತ್ತಿಲ್ಲಂತೆ" ಎಂದಳು ತಾಯಿ ಮಗನಿಗೆ. "ಒಂದು ಆಟ ಆಡುವ, ಬಾ. ಕೈ ಹೀಗೆ. ಮುಷ್ಟಿ, ಆಮೇಲೆ ಹೀಗೆ..."

ಆಗ ಅಕ್ಕ ಕುರ್ಚಿ ಹಿಂದೆ ಸರಿಸಿದ್ದು ಕೇಳಿಸಿತು. ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಅವಳ ದನಿ ನನ್ನ ಬೆನ್ನಿಗೆ ನೇರವಾಗಿ ಬಂತು, ಸ್ವಲ್ಪವೂ ಏರಿರಲಿಲ್ಲ.

"ಗದ್ದ ಎಲ್ಲಿಡಲಿ, ಅಂಕಲ್?"

ನಾನು ತಿರುಗಲಿಲ್ಲ. ದೋಸೆ ಮುರಿದೆ. ಮುರಿದದ್ದು ಕೈಯಲ್ಲೇ ಉಳಿಯಿತು. ಮಾಣಿ ಬಂದು "ಇನ್ನೇನಾದ್ರೂ ಬೇಕಾ?" ಎಂದಾಗ ಬೇಡವೆಂದು ತಲೆಯಾಡಿಸಿದೆ. ಅವಳು ಹೊರಗೆ ಹೋದ ಮೇಲೆ ಹುಡುಗ ತಾಯಿಗೆ ಒಂದೇ ಮಾತು ಹೇಳಿದ: "ಅವಳು ಯಾರ ಹತ್ರ ಮಾತಾಡಿದ್ದು ಮಮ್ಮಿ? ಅಲ್ಲಿ ಯಾರದ್ದೋ ಬೆನ್ನು ಬಿಟ್ರೆ ಯಾರೂ ಇರ್ಲಿಲ್ವಲ್ಲ." ತಾಯಿ ನನ್ನನ್ನು ತೋರಿಸಲಿಲ್ಲ. "ನೋಡಿದೆಯಾ ಮತ್ತೆ? ಈಗ ನಂಬ್ತೀಯಾ?" ಎಂದಳಷ್ಟೆ.

ಸಂಬಂಧ ಮುರಿಯಿತು. ಮುರಿದ ಸಂಬಂಧದ ಕಥೆ ಕರಾಮದಲ್ಲಿ ಮಹಡಿಯಿಂದ ಮಹಡಿಗೆ ಹೋಯಿತು. ಗಾಳಿಯ ಹತ್ತಿರ ಮಾತಾಡುವ ಹುಡುಗಿ ಎಂದರು. ಅಬುಧಾಬಿಗೂ ತಲುಪಿತು. ಒಂದು ಭಜನೆಯ ಮನೆಯಲ್ಲಿ, ಊಟಕ್ಕೆ ಕಾಯುತ್ತಿದ್ದ ಹೆಂಗಸರು ಬಳೆ ಬಿಚ್ಚಿ ಒಬ್ಬರ ಮುಂದೊಬ್ಬರು ಆಡಿಸಿ ನಗುತ್ತಿದ್ದುದನ್ನು ನಾನೇ ನೋಡಿದೆ. "ನಿಂಗೆ ಉಂಟು ಮಾರಾಯ್ತಿ, ಜಿಗೀತು ಜಿಗೀತು!" ನನ್ನ ಪರೀಕ್ಷೆ ಜನರಿಗೆ ಆಟವಾಗಿತ್ತು.

ಎರಡನೇ ಸಲದ ಪರೀಕ್ಷೆಗೆ ಅವಳು ಬರುವುದಿಲ್ಲ ಎಂದು ನಂಬಿದ್ದೆ. ಬಂದಳು. ತಮ್ಮನ ಮಾತ್ರೆ ಇಲ್ಲಿಂದಲೇ ಆಗಬೇಕಿತ್ತು. ಮೇಡಂ ಹತ್ತಿರ ಹೇಳಿಯೇ ಬಿಡಬೇಕೆಂದೂ ಇತ್ತು, ಅದು ಆಮೇಲೆ ಗೊತ್ತಾಯಿತು. ಮೊದಲು ನನ್ನ ಕೋಣೆ. ಕಾಡಿಗೆ ಇರಲಿಲ್ಲ. ಎಸಿಯ ಗಾಳಿಯನ್ನು ನಾನು ಆಚೆ ತಿರುಗಿಸಿಟ್ಟಿದ್ದೆ. ದೀಪ ಆರಿಸಿದೆ.

"ಇಲ್ಲಿಯೇ ಅಲ್ವಾ ಇಡುವುದು?" ಎಂದು ಗದ್ದ ಇಟ್ಟಳು.

ಕತ್ತಲೆಯಿತ್ತು. ಇಬ್ಬರೇ ಇದ್ದೆವು. ಅವಳು ನನ್ನ ಮುಖ ನೋಡುವ ಹಾಗಿರಲಿಲ್ಲ. ತಪ್ಪಾಯಿತು ಎನ್ನಲು ಅದಕ್ಕಿಂತ ಸುಲಭದ ಜಾಗ ಈ ಭೂಮಿಯ ಮೇಲೆ ನನಗೆ ಸಿಗುತ್ತಿರಲಿಲ್ಲ.

"ಕಣ್ಣು ಮಿಟುಕಿಸಬೇಡಿ" ಎಂದೆ.

ಚುಕ್ಕೆ ಓಡಾಡಿತು. ನನ್ನ ಕಂಪ್ಯೂಟರಿನಲ್ಲಿ ಎರಡು ಗೆರೆಗಳು ಒಂದರ ಮೇಲೊಂದು ಕುಳಿತವು. ಮೆಟ್ಟಿಲುಗಳಿರಲಿಲ್ಲ. ಅಂಥ ನಯವಾದ ಗೆರೆಯನ್ನು ನಾನು ಯಾವ ಗುಂಪಿನಲ್ಲೂ ಹೆಚ್ಚಾಗಿ ಕಂಡಿರಲಿಲ್ಲ.

ಅಲ್ಲಿಂದ ಮೇಡಂ ಕೋಣೆಗೆ. ನಾನು ಪಕ್ಕದಲ್ಲಿ ಕೀಬೋರ್ಡಿನ ಮುಂದೆ. ಪ್ರಶ್ನೆಗಳು ಸಾಗಿದವು. ಮೇಡಂ ಕೇಳಿದರು: "ಜನ ನಿಮ್ಮ ಬೆನ್ನ ಹಿಂದೆ ನಿಮ್ಮ ಬಗ್ಗೆ ಮಾತಾಡ್ಕೊತಾರೆ ಅಂತ ಅನಿಸುತ್ತಾ?"

ಹೋದ ಸಲ ಇಲ್ಲ ಎಂದಿದ್ದಳು.

"ಹೌದು ಮೇಡಂ. ಅನಿಸುವುದಲ್ಲ. ಮಾತಾಡ್ತಾರೆ. ಶುರು ಮಾಡಿದ್ದು ಇವರು." ನನ್ನ ಕಡೆ ಕೈ ತೋರಿಸಿದಳು.

ಮೇಡಂ ಪೆನ್ನು ಕೆಳಗಿಟ್ಟರು. "ಏನಾಯ್ತಮ್ಮ?"

ಅವಳು ಹೇಳಿದಳು. ಇದ್ದದ್ದು ಇದ್ದ ಹಾಗೆ ಹೇಳಿದಳು. ಹೋಟೆಲಿನಲ್ಲಿ ತನ್ನನ್ನು ಗುಟ್ಟಾಗಿ ಪರೀಕ್ಷೆ ಮಾಡಿದರು ಎಂದಳು. ಕಣ್ಣ ಮುಂದೆ ಬಳೆ ಆಡಿಸಿದರು, ವಾಸನೆ ತೋರಿಸಿದರು, ಕೈ ಬಡಿಯಲು ಹೇಳಿದರು ಎಂದಳು. ಈ ಅಂಕಲ್ ಪಕ್ಕದ ಟೇಬಲ್ಲಿನಲ್ಲಿ ಬೆನ್ನು ಹಾಕಿ ಕುಳಿತಿದ್ದರು ಎಂದಳು. ಈಗ ಅಬುಧಾಬಿಯಲ್ಲೂ ಹೆಂಗಸರು ತನ್ನನ್ನು ಕಂಡರೆ ಬಳೆ ಮುಟ್ಟಿಕೊಂಡು ನಗುತ್ತಾರೆ ಎಂದಳು. ಹೇಳುತ್ತಾ ಹೋದಂತೆ ಮೇಡಂ ಮುಖ ಮೆತ್ತಗಾಗುತ್ತಾ ಹೋಯಿತು. ಆ ಮೆತ್ತನೆಯ ಮುಖ ನನಗೆ ಗೊತ್ತಿತ್ತು. ಒಲೆಯ ಫ್ಯಾನು ಬೈಯುತ್ತದೆ ಎಂದು ತಮ್ಮ ಹೇಳಿದಾಗಲೂ ಮೇಡಂ ಹಾಗೆಯೇ ಕೇಳಿಸಿಕೊಂಡಿದ್ದರು.

ಅಕ್ಕನಿಗೂ ಆ ಮುಖ ಗೊತ್ತಿತ್ತು. ಮಾತಿನ ನಡುವೆ ನಿಂತಳು.

"ಮೇಡಂ, ಅವರಿಗೆ ಫೋನ್ ಮಾಡಿ ಕೇಳಿ. ನಂಬರ್ ಕೊಡ್ತೇನೆ."

"ನಿಮ್ಮ ವಿಷಯಾನ ನಾನು ಹೊರಗಿನವರ ಹತ್ರ ಮಾತಾಡೋ ಹಾಗಿಲ್ಲಮ್ಮ. ಅದು ನಿಮಗೆ ಕೊಟ್ಟ ಮಾತು."

ನಾನು ಮುರಿದ ನಿಯಮವೇ ನನ್ನನ್ನು ಕಾಯಿತು.

ಮೇಡಂ ನನ್ನ ಕಡೆ ತಿರುಗಿದರು. "ಯಜಮಾನ್ರೆ, ನೀವು ಯಾರ ಹತ್ರಾನಾದ್ರೂ ಏನಾದ್ರೂ ಹೇಳಿದ್ದೀರಾ?"

ಹೌದು ಎಂದಿದ್ದರೆ ಕೆಲಸ ಹೋಗುತ್ತಿತ್ತು, ವೀಸಾ ಹೋಗುತ್ತಿತ್ತು. ಅದು ಸುಳ್ಳಲ್ಲ. ಆದರೆ ಆ ಕ್ಷಣ ನನಗೆ ಹೊಳೆದದ್ದು ಅದಲ್ಲ. ಹೊಳೆದದ್ದು, ನಾನು ಇಲ್ಲ ಎಂದರೆ ಸಾಕು, ಉಳಿದದ್ದನ್ನು ಅವಳ ರಕ್ತವೇ ನೋಡಿಕೊಳ್ಳುತ್ತದೆ ಎಂದು.

"ಇಲ್ಲ ಮೇಡಂ" ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅವಳ ಮುಂದೆಯೇ ಇಂಗ್ಲಿಷಿನಲ್ಲಿ, ನಿಧಾನವಾಗಿ, ಕನಿಕರ ಇದ್ದವನಂತೆ ಸೇರಿಸಿದೆ: "ಬ್ರದರ್ ಆಲ್ಸೋ ಲೈಕ್ ದಿಸ್ ಓನ್ಲಿ, ನೋ ಮೇಡಂ? ಇನ್ ದ ಬಿಗಿನಿಂಗ್."

ಅಕ್ಕ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ದಾರಿಯಲ್ಲಿ ಬಿದ್ದವರನ್ನು ನಾವು ನೋಡುತ್ತೇವಲ್ಲ, ಹಾಗೆ.

"ಬಿಡಿ ಮೇಡಂ" ಎಂದಳು. "ನನಗೆ ಹಾಗೆ ಅನಿಸಿದ್ದು ಇರಬಹುದು."

ಇನ್ನೂ ವಾದಿಸಿದಷ್ಟೂ ಅದು ಕಾಯಿಲೆಯಂತೆಯೇ ಕಾಣುತ್ತದೆ ಎಂದು ತಮ್ಮನನ್ನು ಸಾಕಿದ ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಮೇಡಂ ಅವಳ ಕೈ ಹಿಡಿದುಕೊಂಡು, "ಒಂದು ಸಣ್ಣ ಮಾತ್ರೆ ಶುರು ಮಾಡೋಣ್ವಾ? ಚೆನ್ನಾಗಿ ನಿದ್ದೆ ಬರುತ್ತೆ" ಎಂದು ಹೆಸರು ಹೇಳಿದರು. ಅವಳು ಮೆಲ್ಲಗೆ ನಕ್ಕಳು. "ಅದು ತಮ್ಮನ ಮಾತ್ರೆ ಅಲ್ವಾ ಮೇಡಂ" ಎಂದಳು.

ಅವಳು ಹೋದ ಮೇಲೆ ಮೇಡಂ ಹಿಂದಿನ ಉತ್ತರಗಳನ್ನು ತೆರೆದು ನೋಡಿ, "ಹೋದ ಸಲ ಏನೂ ಇರಲಿಲ್ಲ ನೋಡಿ. ಹೀಗೇ ಶುರುವಾಗೋದು" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಸಂಶಯದ ಪ್ರಶ್ನೆಗೆ ಅತಿ ಹೆಚ್ಚಿನ ಅಂಕ ಹಾಕಲು ಹೇಳಿದರು. ನಾನು ಹಾಕಿದೆ. ಕಣ್ಣಿನ ಗೆರೆ ನಯವಾಗಿತ್ತು. ಅದನ್ನೂ ಪಕ್ಕದಲ್ಲಿ ದಾಖಲಿಸಿದೆ. ಆ ಎರಡೂ ದಾಖಲೆಗಳು ಒಂದೇ ದಿನದವು.

ಅವರಿಬ್ಬರೂ ಮತ್ತೆ ಬರಲಿಲ್ಲ. ತಮ್ಮನ ಮಾತ್ರೆ ಮುಗಿಯುವ ಹೊತ್ತು ಬಂತು. "ಯಜಮಾನ್ರೆ, ನಿಮ್ಮ ಕಡೆಯವರು, ನೀವೇ ಫೋನ್ ಮಾಡಿ ಕರೀರಿ" ಎಂದರು ಮೇಡಂ. ಮಾಡಿದೆ. ನನ್ನ "ಹಲೋ" ಕೇಳಿ ಅವಳು ಕರೆ ಕತ್ತರಿಸಿದಳು. ಉತ್ತರವಿಲ್ಲ ಎಂದು ಮೇಡಂಗೆ ಹೇಳಿದೆ. ಬೇರೆ ಯಾರಿಂದಲಾದರೂ ಮಾಡಿಸಿ ಎಂದು ಹೇಳಲಿಲ್ಲ.

ಬಿಸಿಲು ಏರಿದ ತಿಂಗಳಲ್ಲಿ ಅಬುಧಾಬಿಯ ಒಂದು ಆಸ್ಪತ್ರೆಯಿಂದ ಕರೆ ಬಂತು. ತಮ್ಮ ಮಧ್ಯಾಹ್ನ ಬೇಕರಿಯಿಂದ ಬರಿಗಾಲಲ್ಲಿ ಹೊರಟು ಕಡಲ ದಂಡೆಯ ಕಾರ್ನಿಷ್ ರಸ್ತೆಯುದ್ದಕ್ಕೂ ನಡೆದಿದ್ದ. ಪೊಲೀಸರು ಕರೆತಂದಾಗ ಅಂಗಾಲಿನ ಚರ್ಮ ಸುಟ್ಟು ಸುಲಿದಿತ್ತು. ಎಲ್ಲರೂ ತನ್ನ ಅಕ್ಕನ ಬಗ್ಗೆ ಮಾತಾಡುತ್ತಿದ್ದಾರೆ, ಅದನ್ನು ನಿಲ್ಲಿಸಲು ಹೋಗುತ್ತಿದ್ದೇನೆ ಎನ್ನುತ್ತಿದ್ದನಂತೆ. ಹಿಂದೆ ಯಾವ ಔಷಧಿ ಕೊಟ್ಟಿದ್ದಿರಿ ಎಂದು ಕೇಳಿದರು. ಮೇಡಂ ಹೇಳಿದರು, ನಾನು ವಿವರ ಕಳಿಸಿದೆ. ಅವನು ಹೇಳಿದ್ದರಲ್ಲಿ ಅರ್ಧ ಕಾಯಿಲೆ, ಅರ್ಧ ನಿಜ. ಯಾವ ಅರ್ಧ ಯಾವುದು ಎಂದು ಬೇರ್ಪಡಿಸಿ ಹೇಳಬಲ್ಲವನು ಆ ಕ್ಲಿನಿಕ್ಕಿನಲ್ಲಿ ನಾನೊಬ್ಬನೇ ಇದ್ದೆ. ಅವನು ನಡೆಯುವಷ್ಟಾದ ಮೇಲೆ ಅಕ್ಕ ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಅವನೊಡನೆ ಊರಿಗೆ ಹೋದಳು ಎಂದು ಹಲ್ಲಿನ ಕ್ಲಿನಿಕ್ಕಿನವರಿಂದ ತಿಳಿಯಿತು. ಖಲಾಸ್, ಎಂದ ಕರಾಮದ ಗೆಳೆಯ.

ವರ್ಷದ ಕೊನೆಗೆ ಹೋಲಿಕೆಯ ಗುಂಪಿಗೆ ವಯಸ್ಸಾದವರು ಕಡಿಮೆಯಾದರು. "ನೀವೇ ಕೂತ್ಕೊಳಿ ಯಜಮಾನ್ರೆ" ಎಂದರು ಮೇಡಂ. "ನಿಮ್ಮ ಮನೇಲಿ ಯಾರಿಗೂ ಇಲ್ಲ ತಾನೇ?"

"ಯಾರಿಗೂ ಇಲ್ಲ ಮೇಡಂ."

ನನ್ನ ಸೋದರಮಾವ ಬಾವಿಕಟ್ಟೆಯ ಬಳಿ ನಿಂತು ನೀರಿನೊಳಗಿದ್ದ ಯಾರೊಡನೆಯೋ ಜಗಳವಾಡುವುದನ್ನು ನೋಡಿ ಬೆಳೆದವನು ನಾನು. ನನ್ನ ಮದುವೆಯ ಮಾತುಕತೆಗೆ ಬಂದವರಿಗೆ ಅವನನ್ನು ತೋರಿಸಿರಲಿಲ್ಲ.

ಗದ್ದ ಇಟ್ಟೆ. ಮೇಡಂ ದೀಪ ಆರಿಸಿದರು. ಚುಕ್ಕೆಯನ್ನು ಹಿಡಿಯಲು ನನ್ನ ಕಣ್ಣು ಮತ್ತೆ ಮತ್ತೆ ಹಿಂದೆ ಬೀಳುವುದು ನನಗೇ ತಿಳಿಯುತ್ತಿತ್ತು. ಗೆರೆ ನೋಡಿ ಮೇಡಂ ನಕ್ಕರು. "ಒಳ್ಳೆ ಮೆಟ್ಟಿಲು ಕಟ್ಟಿದ್ದೀರಿ! ಪೊರೆ ಬರ್ತಿದೆ ಅನ್ಸುತ್ತೆ, ತೋರಿಸ್ಕೊಳಿ." ಆಮೇಲೆ ಪ್ರಶ್ನೆಗಳು. ಜನ ನಿಮ್ಮ ಬೆನ್ನ ಹಿಂದೆ ಮಾತಾಡುತ್ತಾರೆ ಎನಿಸುತ್ತದೆಯೇ? ಇಲ್ಲ ಮೇಡಂ. ಸೊನ್ನೆ. ಸಂಶಯ ಇಲ್ಲ, ಭಯ ಇಲ್ಲ, ಒಂಟಿತನ ಇಲ್ಲ. ಎಲ್ಲದಕ್ಕೂ ಸೊನ್ನೆ ಬಿತ್ತು. ಮನಸ್ಸು ಸ್ವಸ್ಥವಿರುವವರ ಗುಂಪಿನಲ್ಲಿ ನಾನಿದ್ದೇನೆ. ಕಾಯಿಲೆಯ ನೆರಳಿರುವವರ ಗುಂಪಿನಲ್ಲಿ, ಎಲ್ಲರಿಗಿಂತ ಹೆಚ್ಚಿನ ಅಂಕದೊಂದಿಗೆ, ಅವಳಿದ್ದಾಳೆ.

ಆ ಅಧ್ಯಯನ ಮುಗಿಯಿತು. ಮೇಡಂ ಬೇರೆ ದೇಶಕ್ಕೆ ಹೋದರು. ಅವರಿಗೂ ನಾನು ಹೇಳಲಿಲ್ಲ. ಈಗ ಇಲ್ಲಿ ಹೇಳಿದ್ದೇನೆ. ಒಮ್ಮೆ ಗುಟ್ಟು ಮುರಿದವನಿಗೆ ಅವಳ ಹೆಸರು ಬರೆಯುವ ಹಕ್ಕು ಇದೆಯೇ ಎಂದು ಈ ಕೊನೆಯ ಹಾಳೆಯ ಮುಂದೆ ಬಹಳ ಹೊತ್ತು ಕುಳಿತೆ. ನಮ್ಮ ಕಡೆ ಆ ಹೆಸರಿನವರು ಓಣಿಗೊಬ್ಬರು ಇದ್ದಾರೆ. ಬೇರೆಯವರಿಗೆ ಇದರಿಂದ ಗುರುತು ಸಿಗದು. ಅವಳಿಗೆ ಸಿಗುತ್ತದೆ. ಮೇಡಂ ನನ್ನ ಕಡೆ ತಿರುಗಿ ಕೇಳಿದ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ ಇದು.

ನೀವು ಹೇಳಿದ್ದೆಲ್ಲ ನಿಜ, ಪ್ರಮೀಳಾ.